‘ಸ್ಥಗಿತ’ವೋ ‘ವ್ಯತ್ಯಯ’ವೋ? ಮೇಲ್ ಸರ್ವರ್ ಬದಲಿಸುವ ರಾತ್ರಿಗೆ ಒಂದು ಪದ ಬೇಕು

ಎಲ್ಲರಿಗೂ ನಮಸ್ಕಾರ.

ತುಮಕೂರು ಕಡೆಯ ಒಂದು ಕಾರ್ಖಾನೆಯಲ್ಲಿ ಕಂಪ್ಯೂಟರು, ನೆಟ್‌ವರ್ಕು ನೋಡಿಕೊಳ್ಳುವವನು ನಾನು. ನಮ್ಮ ಮೇಲ್ ಸರ್ವರ್ ಓಡುತ್ತಿರುವ ಯಂತ್ರಕ್ಕೆ ವಯಸ್ಸಾಗಿದೆ, ಒಂದು ಡಿಸ್ಕ್ ಆಗಲೇ ಕೈಕೊಟ್ಟಿದೆ. ಈ ಶನಿವಾರ ರಾತ್ರಿ ಎಲ್ಲವನ್ನೂ ಹೊಸ ಯಂತ್ರಕ್ಕೆ ಸಾಗಿಸಬೇಕು. ಆ ಕೆಲಸ ಹೇಗೋ ಆಗುತ್ತದೆ. ನಾನು ಸಿಕ್ಕಿಹಾಕಿಕೊಂಡಿರುವುದು ನೋಟಿಸ್ ಬೋರ್ಡಿನಲ್ಲಿ.

ಸೋಮವಾರ ಅಂಟಿಸಿದ ಸೂಚನೆ ಹೀಗಿತ್ತು: “ಶನಿವಾರ ರಾತ್ರಿ 10ರಿಂದ ಇ-ಮೇಲ್ ಸೇವೆ ಸ್ಥಗಿತಗೊಳ್ಳಲಿದೆ. ಆಗ ಬರುವ ಪತ್ರಗಳು ಪಾಳಿಯಲ್ಲಿ ಇರುತ್ತವೆ.” ಊಟದ ಹೊತ್ತಿಗೆ ಫೋನುಗಳು ಶುರುವಾದವು. ಸ್ಟೋರ್ಸಿನಿಂದ ಒಬ್ಬರು, “ಇನ್ಮೇಲೆ ಮೇಲೇ ಇಲ್ವಾ ಸಾರ್? ಎಲ್ಲಾ ವಾಟ್ಸಾಪಲ್ಲೇ ಕಳಿಸ್ಬೇಕಾ?” ಎಂದರು. ಸೂಪರ್‌ವೈಸರೊಬ್ಬರು, “ಯಾವ ಪಾಳಿ ಸಾರ್, ಎರಡನೇದಾ ಮೂರನೇದಾ?” ಎಂದರು.

ಎರಡನೆಯದು ಶುದ್ಧ ನನ್ನ ತಪ್ಪು. ನಾನು ಗದಗದ ಕಡೆಯವನು. ನಮ್ಮಲ್ಲಿ ರೇಷನ್ ಅಂಗಡಿ ಮುಂದೆ ಜನ ‘ಪಾಳಿ ಹಚ್ಚತಾರ’. ಕಾರ್ಖಾನೆಯಲ್ಲಿ ಪಾಳಿ ಎಂದರೆ ಶಿಫ್ಟು, ಅಷ್ಟೇ. ‘ಸರದಿ’ ಎಂದು ತಿದ್ದಿದರೆ ಮುಗಿಯಿತು. ಆದರೆ ‘ಸ್ಥಗಿತ’ದ ಜಾಗಕ್ಕೆ ಏನು ಹಾಕಲಿ? ಡೌನ್‌ಟೈಮ್ ಎಂದು ನಾವು ನಾಲ್ಕು ಜನ ಒಳಗೊಳಗೇ ಹೇಳಿಕೊಳ್ಳುವುದಕ್ಕೆ ಊರಿಗೆಲ್ಲ ತಿಳಿಯುವ ಪದ ಯಾವುದು?

ಆ ರಾತ್ರಿ ನಿಜವಾಗಿ ಆಗುವುದು ಇಷ್ಟು. ಹಳೆ ಯಂತ್ರ ಓಡುತ್ತಿರುವಾಗಲೇ ಅಂಚೆಪೆಟ್ಟಿಗೆಗಳನ್ನೆಲ್ಲ ಆರ್‌ಸಿಂಕ್ ಎಂಬ ನಕಲು ತಂತ್ರಾಂಶದಿಂದ ಹೊಸದಕ್ಕೆ ನಕಲು ಮಾಡುತ್ತೇವೆ. ಅದು ದಿನಗಟ್ಟಲೆ ತೆಗೆದುಕೊಳ್ಳಲಿ, ಯಾರಿಗೂ ಗೊತ್ತಾಗುವುದಿಲ್ಲ. ಶನಿವಾರ ರಾತ್ರಿ ಹಳೆಯದನ್ನು ನಿಲ್ಲಿಸಿ, ಮೊದಲ ನಕಲಿನ ನಂತರ ಬದಲಾದದ್ದನ್ನಷ್ಟೇ ಇನ್ನೊಮ್ಮೆ ತರುತ್ತೇವೆ. ಒಂದು ಗಂಟೆ ಸಾಕು. ಆ ಒಂದು ಗಂಟೆ ನಮ್ಮವರು ಪೆಟ್ಟಿಗೆ ತೆರೆಯಲಾರರು. ಹೊರಗಿನಿಂದ ಬರುವ ಪತ್ರ ಮಾತ್ರ ಎಲ್ಲೂ ಕಳೆದುಹೋಗುವುದಿಲ್ಲ. ಕಳಿಸುವ ಸರ್ವರು ಬಾಗಿಲು ತಟ್ಟಿ, ಯಾರೂ ತೆಗೆಯದಿದ್ದರೆ ಪತ್ರವನ್ನು ತನ್ನ ಸರದಿಯಲ್ಲೇ ಇಟ್ಟುಕೊಂಡು ಮತ್ತೆ ಬರುತ್ತದೆ. ಕೈಬಿಡುವ ಮುನ್ನ ಕನಿಷ್ಠ 4–5 ದಿನ ಯತ್ನಿಸಬೇಕು ಎನ್ನುತ್ತದೆ ಸರ್ವರುಗಳು ಪತ್ರ ಸಾಗಿಸುವ ಎಸ್‌ಎಂಟಿಪಿಯ ನಿಯಮಾವಳಿ. ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್ ತಂತ್ರಾಂಶದಲ್ಲಿ ನಾವಾಗಿ ಹೇಳದೇ ಇದ್ದರೂ ಇರುವ ಅವಧಿ 5 ದಿನ.

ಅಂದರೆ ಒಳಗಿನವರಿಗೆ ಅದು ಬಾಗಿಲು ಹಾಕಿದ ಹೊತ್ತು, ಹೊರಗಿನವರಿಗೆ ಬರೀ ತಡ. ‘ಸ್ಥಗಿತ’ದಲ್ಲಿ ಈ ಎರಡೂ ಇಲ್ಲ. ಸಂಸ್ಕೃತದಲ್ಲಿ ಅದಕ್ಕೆ ಮುಚ್ಚಿದ, ಮರೆಯಾದ ಎಂಬ ಅರ್ಥ, ಆ ಅರ್ಥದಲ್ಲಾದರೆ ನಮಗೆ ಒಪ್ಪುತ್ತಿತ್ತು. ಕನ್ನಡಕ್ಕೆ ಬಂದು ‘ನಿಂತೇಹೋದ’ ಎಂದಾಗಿದೆ. ಕಾಮಗಾರಿ ಸ್ಥಗಿತ ಎಂದು ಓದಿದವರು ಅದು ನಾಳೆ ಶುರುವಾದೀತು ಎಂದುಕೊಳ್ಳುವುದಿಲ್ಲವಲ್ಲ.

ನನ್ನ ಮನಸ್ಸು ವಾಲಿರುವುದು ‘ವ್ಯತ್ಯಯ’ದ ಕಡೆಗೆ. “ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ವಿದ್ಯುತ್ ವ್ಯತ್ಯಯ” ಎಂದು ಪತ್ರಿಕೆಯಲ್ಲಿ ಓದಿದ ಯಾರೂ ಕರೆಂಟು ಇನ್ನು ಬರುವುದೇ ಇಲ್ಲ ಎಂದು ಹೆದರುವುದಿಲ್ಲ. (5 ಎಂದರೆ 7 ಎಂದೂ ಎಲ್ಲರಿಗೂ ಗೊತ್ತು. ಆ ಅರ್ಥಛಾಯೆ ನನ್ನ ಸೂಚನೆಗೆ ಅಂಟದಿದ್ದರೆ ಸಾಕು.) ಇದೂ ದಾರಿಯಲ್ಲಿ ಅರ್ಥ ಬದಲಿಸಿಕೊಂಡ ಪದವೇ. ಮೂಲದಲ್ಲಿ ಅದು ಅದಲುಬದಲು. ಪಾಣಿನಿಯ ‘ವ್ಯತ್ಯಯೋ ಬಹುಲಮ್’ ಸೂತ್ರದಲ್ಲಿ ಒಂದರ ಜಾಗದಲ್ಲಿ ಇನ್ನೊಂದು ಬರುವುದಕ್ಕೇ ಆ ಹೆಸರು. ಹಳೆ ಪೆಟ್ಟಿಗೆ ತೆಗೆದು ಹೊಸತು ಇಡುವವನಿಗೆ ಎರಡೂ ಅರ್ಥ ಒಟ್ಟಿಗೆ ದಕ್ಕಿದಂತಾಯಿತು. ‘ನಿಲುಗಡೆ’ಯೂ ಆಗಬಹುದಿತ್ತು, ನಿಂತ ಬಸ್ಸು ಮತ್ತೆ ಹೊರಡುತ್ತದೆ. ಆದರೆ ಗೇಟಿನ ಪಕ್ಕದ ಫಲಕದಲ್ಲೇ ‘ವಾಹನ ನಿಲುಗಡೆ’ ಇದೆ, ಇನ್ನೊಂದು ಸುತ್ತು ಫೋನು ಬೇಡ.

ಇನ್ನೊಂದು ಪದ ಮೈಗ್ರೇಷನ್. ಅನುವಾದಗಳಲ್ಲಿ ‘ವಲಸೆ’ ಕಾಣುತ್ತದೆ. ನನಗೆ ಅದು ಒಗ್ಗುವುದಿಲ್ಲ. ವಲಸೆ ಹೋಗುವವರು ಜನ, ಅದೂ ಬಹಳ ಸಲ ಬೇರೆ ದಾರಿಯಿಲ್ಲದೆ. ‘ವರ್ಗಾವಣೆ’ ಎಂದರೆ ನಮ್ಮವರು ವಿಳಾಸವೇ ಬದಲಾಯಿತು ಎಂದುಕೊಳ್ಳುತ್ತಾರೆ. ‘ಸ್ಥಳಾಂತರ’ ಎಂದರೆ ಪೆಟ್ಟಿಗೆ ಹೊತ್ತು ಪಕ್ಕದ ಕೋಣೆಗೆ ಹೋದಂತೆ. ‘ಹೊಸ ಯಂತ್ರಕ್ಕೆ ಸಾಗಿಸುವುದು’ ಎಂದು ನೇರವಾಗಿ ಬರೆದರೆ ಏನೂ ಕೊರತೆಯಿಲ್ಲ ಅನ್ನಿಸುತ್ತದೆ.

ಆದರೆ ಹಳೆಯದನ್ನು ಬಿಟ್ಟು ಹೊಸದಕ್ಕೆ ಹೊರಳುವ, ಕಟ್‌ಓವರ್ ಎನ್ನುವ ಆ ಒಂದು ಗಳಿಗೆಗೆ? ಹೊಸ ಯಂತ್ರಕ್ಕೆ ಹೊಸ ಐಪಿ ವಿಳಾಸ, ಆದ್ದರಿಂದ ಹೆಸರಿಗೆ ವಿಳಾಸ ತೋರಿಸುವ ಡಿಎನ್‌ಎಸ್ ದಾಖಲೆಯನ್ನೂ ತಿದ್ದಬೇಕು. ಅದರ ಟಿಟಿಎಲ್, ಎಂದರೆ ಹೊರಗಿನವರು ಆ ದಾಖಲೆಯನ್ನು ನೆನಪಿಟ್ಟುಕೊಳ್ಳಬಹುದಾದ ಅವಧಿ, 86400 ಸೆಕೆಂಡು, ಅಂದರೆ ಇಡೀ ಒಂದು ದಿನ. ಎರಡು ದಿನ ಮುಂಚೆಯೇ 300ಕ್ಕೆ ಇಳಿಸುತ್ತೇವೆ. ಇಷ್ಟಾದರೂ ಹಳೆ ವಿಳಾಸ ನೆನಪಿಟ್ಟುಕೊಂಡವರು ಕೆಲಹೊತ್ತು ಅಲ್ಲಿಗೇ ಹೋಗುತ್ತಾರೆ. ನಮ್ಮಪ್ಪನ ಹೊಲದಲ್ಲಿ ಕಂಡದ್ದು ಇದೇ: ಸಲಿಕೆಯಲ್ಲಿ ಮಣ್ಣು ಎಳೆದು ನೀರು ತಿರುಗಿಸಿದ ಮೇಲೂ ಹಳೆ ಕಾಲುವೆಯಲ್ಲಿ ಒಂದಿಷ್ಟು ಹರಿಯುತ್ತಲೇ ಇರುತ್ತಿತ್ತು. ನಾವು ಕೆಲಸದಲ್ಲಿ ‘ತಿರುಗಿಸಿದ್ರಾ?’ ಎಂದೇ ಕೇಳಿಕೊಳ್ಳುತ್ತೇವೆ. ಬರಹದಲ್ಲಿ ನಾಮಪದ ಬೇಕಾದಾಗ ‘ತಿರುವು’ ಎಂದರೆ ರಸ್ತೆಯೋ ಕಥೆಯೋ ನೆನಪಾಗುತ್ತದೆ. ಮಂಡ್ಯ, ಗಂಗಾವತಿ ಕಡೆ ನೀರು ಹಾಯಿಸುವವರ ಬಾಯಲ್ಲಿ ಇದಕ್ಕೊಂದು ಹೆಸರಿದ್ದರೆ ದಯವಿಟ್ಟು ಹೇಳಿ.

ತಲುಪದ ಪತ್ರ ಕಳಿಸಿದವರಿಗೇ ಮರಳುವ ‘ಬೌನ್ಸ್’ ಬಗ್ಗೆಯೂ ಒಂದು ಮಾತು. ಅಕೌಂಟ್ಸಿನವರು ಆ ಪದ ಕೇಳಿದರೆ ಬೆಚ್ಚುತ್ತಾರೆ, ಅವರಿಗೆ ಬೌನ್ಸ್ ಆಗುವುದು ಚೆಕ್ಕು. ಸರ್ವರಿನ ಭಾಷೆಯಲ್ಲಿ 4ರಿಂದ ಶುರುವಾಗುವ ಸಂಕೇತ ಬಂದರೆ ‘ಆಮೇಲೆ ಬಾ’, 5ರಿಂದಾದರೆ ‘ಆಗದು, ಮತ್ತೆ ಬರಬೇಡ’. ಅಂಚೆಯವರು ಲಕೋಟೆಯ ಮೇಲೆ ಗೀಚುವ ‘ಬಾಗಿಲು ಹಾಕಿದೆ’, ‘ವಾಪಸ್’ ಎರಡರಲ್ಲೇ ಈ ವ್ಯತ್ಯಾಸ ಅಡಗಿದೆ. ಹೊಸ ಪದ ಕಟ್ಟುವ ಅಗತ್ಯ ನನಗಂತೂ ಕಾಣದು.

ತಿದ್ದಿದ ಸೂಚನೆ: “ಶನಿವಾರ ರಾತ್ರಿ 10ರಿಂದ 11ರವರೆಗೆ ಇ-ಮೇಲ್ ವ್ಯತ್ಯಯ. ಆಗ ಬರುವ ಪತ್ರಗಳು ಕಳೆದುಹೋಗುವುದಿಲ್ಲ, ತಡವಾಗಿ ತಲುಪುತ್ತವೆ. ನಿಮ್ಮ ವಿಳಾಸ, ಪಾಸ್‌ವರ್ಡ್ ಬದಲಾಗುವುದಿಲ್ಲ.” ತಪ್ಪು ಕಂಡರೆ ಗುರುವಾರ ಬೆಳಿಗ್ಗೆಯೊಳಗೆ ತಿಳಿಸಿ, ಆಮೇಲೆ ಬೋರ್ಡಿಗೆ ಅಂಟಿಸುತ್ತೇನೆ.