ಯೆಜ್ಡಿ ಟ್ಯಾಂಕಿನ ಒಳಗೆ ತುಕ್ಕು: ಬ್ಯಾಟರಿ ಚಾರ್ಜರ್ ಹಚ್ಚಿ ತೆಗೆಯಬಹುದಾ?

ಪ್ರಶ್ನೆ (ಸಾಗರದಿಂದ)

ಅಪ್ಪನ ಯೆಜ್ಡಿ ರೋಡ್‌ಕಿಂಗ್ ಬೈಕು ಆರು ಮಳೆಗಾಲ ಕೊಟ್ಟಿಗೆಯಲ್ಲೇ ನಿಂತಿತ್ತು. ಮೊನ್ನೆ ಮುಚ್ಚಳ ತೆಗೆದು ಟಾರ್ಚ್ ಬಿಟ್ಟರೆ ಒಳಗೆಲ್ಲ ಕಾಫಿಪುಡಿ ಬಣ್ಣ. ಕಾರ್ಬುರೇಟರ್ ಎರಡು ಸಲ ಬಿಚ್ಚಿ ತೊಳೆದೆ. ಮನೆಯಿಂದ ಮುಖ್ಯರಸ್ತೆ ಮುಟ್ಟೋ ಹೊತ್ತಿಗೆ ಮತ್ತೆ ಜೆಟ್ (ಕಾರ್ಬುರೇಟರಿನೊಳಗೆ ಪೆಟ್ರೋಲ್ ಹಾಯೋ ಸಣ್ಣ ತೂತು) ಕಟ್ಟಿಕೊಳ್ಳುತ್ತೆ. ಮೆಕ್ಯಾನಿಕ್ ಆಸಿಡ್ ಹಾಕೋಣ ಅಂತಾರೆ, ನನಗೆ ಹೆದರಿಕೆ. ಹೊರಗಿನ ಬಣ್ಣ, ಕೈಯಲ್ಲಿ ಎಳೆದ ಗೆರೆ ಎಲ್ಲ ಅಪ್ಪನ ಕಾಲದ್ದೇ. ನೀರು ತುಂಬಿ ಚಾರ್ಜರ್ ಹಚ್ಚಿದರೆ ತುಕ್ಕು ಬಿಡುತ್ತೆ ಅಂತ ಕೇಳಿದೆ. ಅಡುಗೆ ಉಪ್ಪು ಹಾಕಿದರೆ ಸಾಕಾ? ಪ್ಲಸ್ ಯಾವ ಕಡೆ?

ಉತ್ತರ 1 (ಮೈಸೂರು)

ಉಪ್ಪು ಮಾತ್ರ ಬೇಡ ಸ್ವಾಮಿ. ಕರೆಂಟ್ ಹರಿದರೆ ಕ್ಲೋರಿನ್ ಏಳುತ್ತೆ, ಉಳಿದ ಉಪ್ಪು ಆಮೇಲೆ ಟ್ಯಾಂಕನ್ನೇ ತಿನ್ನುತ್ತೆ. ಬಟ್ಟೆ ಒಗೆಯೋ ವಾಷಿಂಗ್ ಸೋಡಾ ತಗೊಳ್ಳಿ, ಹತ್ತು ಲೀಟರಿಗೆ ಮೂರು ದೊಡ್ಡ ಚಮಚ.

ಮೊದಲು ಪೆಟ್ರೋಲ್ ಪೂರ್ತಿ ಬಸಿದು, ಸೋಪು ನೀರಲ್ಲಿ ವಾಸನೆ ಹೋಗೋವರೆಗೆ ತೊಳೀರಿ. ಇದರಲ್ಲಿ ಅವಸರ ಮಾಡಬೇಡಿ. ಕಾಕ್ (ಟ್ಯಾಂಕಿನಡಿಯ ಪೆಟ್ರೋಲ್ ನಲ್ಲಿ) ಬಿಚ್ಚಿ ಆ ತೂತಿಗೆ ರಬ್ಬರ್ ಬಿರಡೆ ಹಾಕಿ. ನೆಗೆಟಿವ್ ಟ್ಯಾಂಕಿಗೆ, ಪಾಸಿಟಿವ್ ಒಳಗೆ ಇಳಿಬಿಟ್ಟ ಕಬ್ಬಿಣದ ಕಂಬಿಗೆ. ತಿರುವುಮುರುವು ಆದರೆ ಕಂಬಿ ಉಳಿದು ಟ್ಯಾಂಕ್ ಸವೆಯುತ್ತೆ! ನಾನು ಮೊದಲನೇ ಸಲ ಕ್ಲಿಪ್ಪಿಗೆ ಕೆಂಪು ದಾರ ಕಟ್ಟಿಕೊಂಡೇ ಕೂತಿದ್ದೆ. ಮನೆ ಕಟ್ಟೋ 8 ಎಂಎಂ ಕಂಬಿ ಸಾಕು. ಸ್ಟೀಲ್ ಸೌಟು ಗೀಟು ಇಳಿಸಬೇಡಿ, ಅದರ ಕ್ರೋಮಿಯಂ ನೀರಿಗೆ ಬಿಟ್ಟರೆ ವಿಷ. ಕಂಬಿ ಎಲ್ಲೂ ಟ್ಯಾಂಕಿಗೆ ತಾಗಬಾರದು. ಅದಕ್ಕೆ ಹಳೇ ಸೈಕಲ್ ಟ್ಯೂಬ್ ಸುತ್ತಿ, ಆದರೆ ಬಾಯಿ ಮುಚ್ಚಿಬಿಡಬೇಡಿ, ಹೈಡ್ರೋಜನ್ ಹೊರಗೆ ಹೋಗಬೇಕು. ಬಯಲಲ್ಲಿ ಇಡಿ, ಬೀಡಿ ದೂರ. ಕ್ಲಿಪ್ ತೆಗೆಯೋ ಮೊದಲು ಗೋಡೆಯ ಸ್ವಿಚ್ ಆರಿಸಿ, ಇಲ್ಲದಿದ್ದರೆ ಕಿಡಿ ಹಾರುತ್ತೆ.

ನನ್ನದರಲ್ಲಿ ಆಂಪಿಯರ್ ಮುಳ್ಳು 3ರ ಹತ್ತಿರ ನಿಂತಿತ್ತು. ನಾಲ್ಕು ಗಂಟೆಗೊಮ್ಮೆ ಕಂಬಿ ಎತ್ತಿ ಕೆಸರು ಕೆರೆದು ಮತ್ತೆ ಇಳಿಸಬೇಕು. ಈಗಿನ ಆಟೋಮ್ಯಾಟಿಕ್ ಚಾರ್ಜರ್ ಬ್ಯಾಟರಿ ಕಾಣದೆ ಶುರುವಾಗೋದೇ ಇಲ್ಲ. ಹಳೇ ದಪ್ಪ ಡಬ್ಬಿಯಂಥದ್ದು ಹುಡುಕಿ.

ಒಂದು ಮಾತು. ಕಂಬಿಗೆ ನೇರ ಕಾಣೋ ಜಾಗದ ತುಕ್ಕು ಚೆನ್ನಾಗಿ ಬಿಡುತ್ತೆ. ಫ್ರೇಮ್ ಕೂರೋ ಡೊಂಕಿನ ಆ ಕಡೆ ಹಾಗೇ ಉಳಿಯುತ್ತೆ. ಕಂಬಿ ಬಗ್ಗಿಸಿ ಎರಡೂ ಕಡೆ ಇಳಿಸಬೇಕು. 1996ರಲ್ಲಿ ನಮ್ಮೂರಿನ ಯೆಜ್ಡಿ ಕಾರ್ಖಾನೆ ನಿಂತಮೇಲೆ ಆ ಟ್ಯಾಂಕೇ ಆಸ್ತಿ, ಒಂದು ರಾತ್ರಿ ಹೆಚ್ಚಾದರೆ ಆಗಲಿ.

ಉತ್ತರ 2 (ಹಾಸನ)

ತುಕ್ಕು ಮತ್ತೆ ಕಬ್ಬಿಣವಾಗಿ ಗೋಡೆ ದಪ್ಪ ಆಗಲ್ಲ, ನೆನಪಿಡಿ. ಕೆಂಪು ಹೋಗಿ ಕಪ್ಪು ಮಸಿ ಉಳಿಯುತ್ತೆ, ತೊಳೆದರೆ ಹೋಗುತ್ತೆ. ತೂತು ಇದ್ದರೆ ಆಗ ಬಯಲಾಗುತ್ತೆ, ಇಷ್ಟು ದಿನ ತುಕ್ಕೇ ಬಿರಡೆ ಆಗಿತ್ತು ಅಷ್ಟೆ. ತೊಳೆದ ಹತ್ತೇ ನಿಮಿಷಕ್ಕೆ ಹೊಸ ತುಕ್ಕು ಕೂರುತ್ತೆ, ಹೇರ್ ಡ್ರೈಯರ್ ಕೈಯಲ್ಲೇ ಇರಲಿ. ಒಣಗಿದ ಕೂಡಲೇ 2ಟಿ ಆಯಿಲ್ (ಟೂ ಸ್ಟ್ರೋಕ್ ಎಂಜಿನ್ನಿನದು) ಸುರಿದು ಹೊರಳಾಡಿಸಿ. ನಿಮ್ಮ ಗಾಡಿಗೆ ಹೇಗೂ ಆಯಿಲ್ ಕಲಸಿದ ಪೆಟ್ರೋಲೇ ಊಟ. ಮತ್ತೆ ನಿಲ್ಲಿಸೋದಾದರೆ ಟ್ಯಾಂಕ್ ಅರ್ಧ ಬಿಡಬೇಡಿ. ಈಗಿನ ಪೆಟ್ರೋಲಿನ ಎಥನಾಲ್ ನೀರು ಎಳಕೊಳ್ಳುತ್ತೆ.

ಪ್ರಶ್ನೆ ಕೇಳಿದವರು, ಹನ್ನೆರಡು ದಿನದ ನಂತರ

ಎರಡು ರಾತ್ರಿ ಹಚ್ಚಿದೆ. ಕಂಬಿ ಎತ್ತಿದಾಗ ಹಲಸಿನ ಕಡುಬಿನಷ್ಟು ದಪ್ಪ ಕೆಸರು. ಬಲಭಾಗ ಬೆಳ್ಳಗಾಗಿದೆ, ಅಪ್ಪ ಬಗ್ಗಿ ನೋಡಿ ಏನೂ ಹೇಳಲಿಲ್ಲ, ಟಾರ್ಚ್ ಮಾತ್ರ ವಾಪಸ್ ಕೊಡಲಿಲ್ಲ. ಹಾಸನದವರು ಹೇಳಿದ್ದೇ ಆಯ್ತು. ಕಾಕ್ ಪಕ್ಕ ಸೂಜಿಮೊನೆಯಷ್ಟು ತೂತು, ನೀರು ತೊಟ್ಟಿಕ್ಕಿತು. ಪೆಟ್ರೋಲ್ ಟ್ಯಾಂಕ್ ಅಂತ ಇಬ್ಬರು ವೆಲ್ಡರ್‌ಗಳು ಮುಟ್ಟಲೇ ಇಲ್ಲ. ಮೂರನೆಯವರು ನೀರು ತುಂಬಿಸಿ, ತೂತಿನ ಜಾಗವಷ್ಟೇ ಮೇಲೆ ಬರೋ ಹಾಗೆ ಮಲಗಿಸಿ ಹಿತ್ತಾಳೆ ಬೆಸುಗೆ ಹಾಕಿಕೊಟ್ಟರು. ಅಡಿಯಲ್ಲಿ ಅಂಗೈಯಗಲ ಬಣ್ಣ ಹೋಯ್ತು, ಗೆರೆಗಳು ಉಳಿದವು.

ಎಡಗಡೆ ಡೊಂಕಿನ ಹಿಂದೆ ಇನ್ನೂ ಕೆಂಪಿದೆ. ಕಂಬಿ ಬಗ್ಗಿಸಿಟ್ಟಿದ್ದೇನೆ, ಇವತ್ತು ರಾತ್ರಿ ಮತ್ತೆ ಹಚ್ಚುತ್ತೇನೆ. ಕರೆಂಟ್ ಇದ್ದರೆ.