ಶೀಟ್ ಫಿಲ್ಮ್ ಟ್ರೇಯಲ್ಲಿ ತೊಳೆದಾಗ ಅಂಚು ಮಾತ್ರ ಯಾಕೆ ಕಪ್ಪು?

ಪ್ರಶ್ನೆ:
ಸರ್, 4×5 ಇಂಚಿನ ಶೀಟ್ ಫಿಲ್ಮನ್ನು (ಬಿಡಿ ಹಾಳೆಯ ಫಿಲ್ಮ್) ಟ್ರೇಯಲ್ಲಿ ತೊಳೆಯಲು, ಅಂದರೆ ಡೆವಲಪ್ ಮಾಡಲು, ಶುರು ಮಾಡಿ ಮೂರು ತಿಂಗಳಾಯಿತು. ಎಚ್‌ಪಿ5 ಪ್ಲಸ್ ಫಿಲ್ಮ್, ಎಚ್‌ಸಿ-110 ಡೆವಲಪರ್, ಬಿ ಡೈಲ್ಯೂಷನ್ (ನೀರು ಬೆರೆಸುವ ಪ್ರಮಾಣ), 20 ಡಿಗ್ರಿಯಲ್ಲಿ 5 ನಿಮಿಷ. 5×7 ಟ್ರೇಯಲ್ಲಿ ಒಂದು ಸಲಕ್ಕೆ ನಾಲ್ಕು ಶೀಟ್. ಎಲ್ಲ ನೆಗೆಟಿವ್‌ಗಳಲ್ಲೂ ಉದ್ದದ ಎರಡು ಅಂಚುಗಳು ನಡುಭಾಗಕ್ಕಿಂತ ಕಪ್ಪು. ಪ್ರಿಂಟ್ ತೆಗೆದರೆ ಆಕಾಶದ ಪಕ್ಕಕ್ಕೆ ಬಿಳಿ ಪಟ್ಟಿ. ಅಲುಗಾಟ ಸಾಲದೇನೋ ಅಂತ ಟ್ರೇಯನ್ನು ಇನ್ನೂ ಜೋರಾಗಿ ತೂಗಿದೆ. ಮತ್ತಷ್ಟು ಕೆಟ್ಟಿತು.

ಉತ್ತರ:
ಜೋರಾಗಿ ತೂಗಿದ್ದೇ ತಪ್ಪಿರಬೇಕು. ಆದರೆ ಮೊದಲು ತಪ್ಪು ತೊಳೆಯುವುದರಲ್ಲೇ ಇದೆಯಾ ನೋಡಿಕೊಳ್ಳಿ. ಕ್ಯಾಮೆರಾದಲ್ಲಿ ಶೀಟನ್ನು ಹಿಡಿದಿಡುವ ಹೋಲ್ಡರ್‌ನ ಪಟ್ಟಿಯಡಿ ಬೆಳಕು ಬೀಳದ ಸಣ್ಣ ಅಂಚು ಇರುತ್ತದಲ್ವಾ, ಅದೂ ಕಪ್ಪಾಗಿದ್ದರೆ ಎಲ್ಲೋ ಬೆಳಕು ಸೋರಿದೆ. ಅದು ತಿಳಿಯಾಗಿದ್ದು ಚಿತ್ರದ ಅಂಚು ಮಾತ್ರ ಕಪ್ಪಾಗಿದ್ದರೆ ಟ್ರೇಯನ್ನು ಅನುಮಾನಿಸಿ. ಲೆನ್ಸಿನ ದೋಷ ಇದಲ್ಲ. ಲೆನ್ಸ್ ಮೂಲೆಗಳಿಗೆ ಬೆಳಕು ಕಡಿಮೆ ಕೊಟ್ಟರೆ ನೆಗೆಟಿವ್ ಅಲ್ಲಿ ತೆಳುವಾಗುತ್ತದೆ, ಕಪ್ಪಾಗುವುದಿಲ್ಲ.

ನಿಮ್ಮ ಟ್ರೇಯಲ್ಲಿ ಶೀಟಿನ ಉದ್ದದ ಅಂಚಿಗೂ ಗೋಡೆಗೂ ನಡುವೆ ಇರುವುದು ಅರ್ಧ ಇಂಚು. ದ್ರಾವಣ ಗೋಡೆಗೆ ಬಡಿದು ವಾಪಸ್ ನುಗ್ಗುವಾಗ ಅಂಚಿನ ಮೇಲೆ ಸುಳಿ ಏಳುತ್ತದೆ. ಅಲ್ಲಿಗೆ ಹೊಸ ಡೆವಲಪರ್ ಮತ್ತೆ ಮತ್ತೆ ಸಿಗುತ್ತದೆ, ನಡುವಿಗೆ ಅಷ್ಟು ಸಿಗುವುದಿಲ್ಲ. ನೀವು ಜೋರು ಮಾಡಿದಷ್ಟೂ ವ್ಯತ್ಯಾಸ ಜಾಸ್ತಿ.

8×10 ಟ್ರೇ ತಗೊಳ್ಳಿ. ಒಂದು ಲೀಟರ್ ಹಾಕಿದರೆ ಸುಮಾರು 2 ಸೆಂ.ಮೀ. ಆಳ ಬರುತ್ತದೆ, ಅಷ್ಟು ಸಾಕು. ಟ್ರೇಯನ್ನು ತೂಗಲೇಬೇಡಿ. ಶೀಟುಗಳನ್ನು ಅಡಿಯಿಂದ ಮೇಲಕ್ಕೆ ತರುವುದೇ ಅಲುಗಾಟ. ಏಳೆಂಟು ಸೆಕೆಂಡಿಗೆ ಒಂದು ಶೀಟ್, ಅಂದರೆ ಅರ್ಧ ನಿಮಿಷಕ್ಕೆ ಒಂದು ಸುತ್ತು. ಎಳೆದ ಶೀಟನ್ನು ಮಟ್ಟಸವಾಗಿ ಮೇಲಿಟ್ಟು ಬೆರಳ ತುದಿಯಲ್ಲಿ ಮೆಲ್ಲಗೆ ಅದುಮಿ. ಓರೆಯಾಗಿ ಬಿಟ್ಟರೆ ಅದರ ಮೂಲೆ ಕೆಳಗಿನ ಶೀಟನ್ನು ಗೀರುತ್ತದೆ. ಪ್ರತಿ ಸುತ್ತಿಗೂ ಇಡೀ ಕಟ್ಟನ್ನು ಕಾಲುಭಾಗ ತಿರುಗಿಸಿ, ಆಗ ಎಳೆಯುವ ದಿಕ್ಕು ಬದಲಾಗುತ್ತದೆ. ಕತ್ತಲಲ್ಲಿ ಲೆಕ್ಕ ತಪ್ಪಬಾರದಲ್ಲ, ಮೊದಲ ಶೀಟಿನ ನಾಚ್ (ಅಂಚಿನಲ್ಲಿರುವ ಕಚ್ಚು) ಬೇರೆಯವಕ್ಕೆ ಎದುರಾಗಿರಲಿ. ಬೆರಳಿಗೆ ಅದು ಸಿಕ್ಕಿದಾಗ ಒಂದು ಸುತ್ತು ಮುಗಿಯಿತು ಅಂತ ಗೊತ್ತಾಗುತ್ತದೆ.

ಇನ್ನೊಂದು, 5 ನಿಮಿಷ ಟ್ರೇಗೆ ತುಂಬಾ ಕಡಿಮೆ. ಮೊದಲ ಅರ್ಧ ನಿಮಿಷದ ಎಡವಟ್ಟು ಸರಿಹೋಗಲು ಹೊತ್ತೇ ಇರುವುದಿಲ್ಲ. ಬಿ ಅಂದರೆ 1:31, ಒಂದು ಪಾಲು ಡೆವಲಪರ್‌ಗೆ 31 ಪಾಲು ನೀರು. ಅದರ ಬದಲು 1:63 ಮಾಡಿ, 10 ನಿಮಿಷದಿಂದ ಶುರು ಮಾಡಿ ನೋಡಿ.

ಮರುಪ್ರಶ್ನೆ:
ಮೊದಲು ನೀರಿನಲ್ಲಿ ನೆನೆಸಬೇಕಾ ಸರ್? ಈ ಫಿಲ್ಮ್ ತಯಾರಿಸುವ ಇಲ್ಫೋರ್ಡ್‌ನವರೇ ಬೇಡ ಅನ್ನುತ್ತಾರೆ.

ಉತ್ತರ:
ಹೌದು, ಅದರಿಂದಲೇ ಏರುಪೇರಾಗಬಹುದು ಅನ್ನುತ್ತಾರೆ. ಆದರೂ ಟ್ರೇಗೆ ನಾನು ನೆನೆಸುತ್ತೇನೆ. ಒಣ ಶೀಟುಗಳು ಡೆವಲಪರ್‌ನಲ್ಲಿ ಒಂದಕ್ಕೊಂದು ಅಂಟಿಕೊಂಡರೆ ಆ ನೆಗೆಟಿವ್ ಹೋದಂತೆಯೇ. ಅದೇ 20 ಡಿಗ್ರಿ ನೀರಿಗೆ ಒಂದೊಂದಾಗಿ ಹಾಕಿ, ಪೂರ್ತಿ 3 ನಿಮಿಷ ಅಡಿ ಮೇಲು ಮಾಡುತ್ತಿರಿ. ಸುಮ್ನೆ ಅರ್ಧ ನಿಮಿಷ ಅದ್ದಿ ತೆಗೆದರೆ ನೆನೆಸದಿರುವುದೇ ವಾಸಿ.

ಇನ್ನೊಬ್ಬ ಸದಸ್ಯೆ:
ನನ್ನದು ಉಲ್ಟಾ ಸರ್. ಅಂಚು ಸರಿ ಇದೆ, ಆಕಾಶದ ತುಂಬಾ ಮೋಡದಂಥ ಕಲೆಗಳು. ಗೀರು ಬೀಳುತ್ತದೆ ಅಂತ ಹೆದರಿ ಎರಡು ನಿಮಿಷಕ್ಕೊಮ್ಮೆ ಸುತ್ತುತ್ತೇನೆ.

ಉತ್ತರ:
ಅದು ಅಲುಗಾಟ ಸಾಲದ್ದು ಮೇಡಂ. ಅರ್ಧ ನಿಮಿಷಕ್ಕೊಂದು ಸುತ್ತು ಮಾಡಿ. ಗೀರಿನ ಭಯವಿದ್ದರೆ ಒಂದು ಸಲಕ್ಕೆ ಎರಡೇ ಶೀಟ್ ಹಾಕಿ. ನನಗೂ ಆರರ ಮೇಲೆ ಹೋದರೆ ಕೈ ತಡವರಿಸುತ್ತದೆ.

ಮೊದಲ ಪ್ರಶ್ನೆ ಕೇಳಿದವರು:
ಹಳೆಯ ನೆಗೆಟಿವ್‌ಗಳನ್ನು ಉಳಿಸಿಕೊಳ್ಳಬಹುದಾ?

ಉತ್ತರ:
ನೆಗೆಟಿವ್ ಸರಿಹೋಗುವುದಿಲ್ಲ. ಪ್ರಿಂಟ್ ಮಾಡುವಾಗ ನಡುವೆ ರಟ್ಟು ಹಿಡಿದು ಅಂಚಿಗೆ ಬೆಳಕು ಸ್ವಲ್ಪ ಜಾಸ್ತಿ ಕೊಡಿ, ಇಲ್ಲವೇ ಪ್ರಿಂಟಿನ ಆ ಅಂಚನ್ನು ಕತ್ತರಿಸಿಬಿಡಿ. ಹೊಸ ವಿಧಾನವನ್ನು ಒಳ್ಳೆಯ ಚಿತ್ರದ ಮೇಲೆ ಪ್ರಯೋಗ ಮಾಡಬೇಡಿ. ಸಮನಾಗಿ ಬೆಳಕು ಬಿದ್ದ ಬರೀ ಗೋಡೆಯನ್ನು ಫೋಕಸ್ ತಪ್ಪಿಸಿ ಎರಡು ಶೀಟ್ ತೆಗೆಯಿರಿ. ತೊಳೆದು, ಸ್ಕ್ಯಾನ್ ಮಾಡಿ, ಕಾಂಟ್ರಾಸ್ಟ್ ಏರಿಸಿ ಇಲ್ಲೇ ಹಾಕಿ, ನೋಡುತ್ತೇನೆ.