ಯಾವ ಗೇಮ್ ಅಂತ ಮೊದಲು ಹೇಳಿ, ಕಾರ್ಡ್ ವಿಷಯ ಆಮೇಲೆ

ದಾವಣಗೆರೆಯಲ್ಲಿ ಕಂಪ್ಯೂಟರ್ ಅಸೆಂಬಲ್ ಮಾಡಿಕೊಡುವವರಿಗೆ ನಮ್ಮ ಗುಂಪಿನವರು ಕೇಳಿದ್ದು, ಅವರು ಹೇಳಿದ್ದು.

ಪ್ರಶ್ನೆ (ವಿದ್ಯಾನಗರ, ದಾವಣಗೆರೆ): ಸರ್, ನನ್ನ ಮಗ ಇಂಜಿನಿಯರಿಂಗ್ ಎರಡನೇ ವರ್ಷ. ಗೇಮಿಂಗ್ ಪಿಸಿ ಬೇಕು ಅಂತ ಒಂದು ಲಕ್ಷದ ಹತ್ತು ಸಾವಿರದ ಪಟ್ಟಿ ಕೊಟ್ಟಿದ್ದಾನೆ. ಅದರಲ್ಲಿ ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್ ಇದೆ, ಮಾನಿಟರ್ ಮಾತ್ರ ಮನೆಯಲ್ಲಿರೋ ಹಳೇದೇ ಸಾಕಂತೆ. ಆಡೋದು ವ್ಯಾಲರಂಟ್. ಪಿ.ಜೆ. ಬಡಾವಣೆಯ ಅವನ ಗೆಳೆಯನ ಹತ್ತಿರ ಇದರ ಅರ್ಧ ದುಡ್ಡಿನ ಪಿಸಿ ಇದೆ, ಅವನೂ ಅದೇ ಗೇಮ್ ಆಡ್ತಾನೆ. ಇಷ್ಟು ವ್ಯತ್ಯಾಸ ಯಾಕೆ? ಕೊಡಿಸಬೇಕಾ, ಬೇಡವಾ?

ಉತ್ತರ: ಕೊಡಿಸಿ ಅಕ್ಕಾ, ಆದರೆ ಈ ಪಟ್ಟಿ ಬೇಡ. ವ್ಯಾಲರಂಟ್ 2020ರಲ್ಲಿ ಬಂದ ಗೇಮ್, ಸಾಧಾರಣ ಪಿಸಿಯಲ್ಲೂ ಓಡಲಿ ಅಂತಲೇ ಮಾಡಿದ್ದಾರೆ. ಸೆಕೆಂಡಿಗೆ 144 ಫ್ರೇಮ್ (ಅಂದರೆ ಚಿತ್ರ) ಬರೋಕೆ ಜಿಟಿಎಕ್ಸ್ 1050 ಟಿಐ ಸಾಕು ಅಂತ ಗೇಮ್ ಮಾಡಿದ ಕಂಪನಿಯೇ ಹೇಳುತ್ತದೆ. ಅದು 2016ರ ಕಾರ್ಡ್! ಇಂಥ ಶೂಟಿಂಗ್ ಗೇಮ್‌ಗೆ ದುಡ್ಡು ಹೋಗಬೇಕಾದದ್ದು ಮಾನಿಟರ್, ಪ್ರೊಸೆಸರ್, ಒಂದು ಒಳ್ಳೆ ಮೌಸ್, ಇಷ್ಟಕ್ಕೆ. ನಿಮ್ಮ ಮನೆಯ ಹಳೇ ಮಾನಿಟರ್ ಬಹುಶಃ 60 ಹರ್ಟ್ಜ್ ಇರುತ್ತದೆ, ಅಂದರೆ 16.7 ಮಿಲಿಸೆಕೆಂಡಿಗೆ ಒಂದು ಸಲ ಚಿತ್ರ ಬದಲಾಗುತ್ತದೆ. 144 ಹರ್ಟ್ಜ್‌ನಲ್ಲಿ ಸುಮಾರು 7 ಮಿಲಿಸೆಕೆಂಡಿಗೇ ಬದಲಾಗುತ್ತದೆ. ಎದುರಾಳಿ ಗೋಡೆ ಮರೆಯಿಂದ ಇಣುಕಿದಾಗ ಯಾರು ಮೊದಲು ನೋಡುತ್ತಾರೋ ಅವರದ್ದೇ ಆಟ, ಅಲ್ವಾ? ಕಾರ್ಡ್ ಸೆಕೆಂಡಿಗೆ 300 ಫ್ರೇಮ್ ಕೊಟ್ಟರೂ ಆ ಹಳೇ ಮಾನಿಟರ್ ತೋರಿಸೋದು 60 ಮಾತ್ರ. ಮಿಕ್ಕಿದ್ದು ಬಹುಪಾಲು ವೇಸ್ಟು.

ಹೊಸ ಮಾನಿಟರ್ ಬಂದ ಮೇಲೆ ಮಗನಿಗೆ ಎರಡು ಕೆಲಸ ಹೇಳಿ. ಮಾನಿಟರ್ ಕೇಬಲ್ಲನ್ನ ಗ್ರಾಫಿಕ್ಸ್ ಕಾರ್ಡಿನ ಪೋರ್ಟಿಗೇ ಸಿಕ್ಕಿಸಬೇಕು, ಮೇಲಿರುವ ಮದರ್‌ಬೋರ್ಡಿನ ಪೋರ್ಟಿಗಲ್ಲ. ಆಮೇಲೆ ವಿಂಡೋಸ್ ಸೆಟ್ಟಿಂಗ್ಸ್, ಡಿಸ್‌ಪ್ಲೇ, ಅಡ್ವಾನ್ಸ್‌ಡ್ ಡಿಸ್‌ಪ್ಲೇಗೆ ಹೋಗಿ ರಿಫ್ರೆಶ್ ರೇಟ್ 144 ಮಾಡಬೇಕು. ಎಷ್ಟೋ ಜನ ಹೊಸ ಮಾನಿಟರ್ ತಗೊಂಡು ತಿಂಗಳುಗಟ್ಟಲೆ 60ರಲ್ಲೇ ಆಡುತ್ತಿರುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಪ್ರಶ್ನೆ (ಅವರೇ): ಮಗನಿಗೆ ಓದಿ ಹೇಳಿದೆ ಸರ್. ರಜೆಯಲ್ಲಿ ಸೈಬರ್‌ಪಂಕ್ ಕೂಡ ಆಡಬೇಕು, ಅದಕ್ಕೇ 4060 ಹಾಕಿದ್ದು ಅಂತಾನೆ.

ಉತ್ತರ: ಹಾಗಾದರೆ ಲೆಕ್ಕವೇ ಬದಲಾಯಿತು ಅಕ್ಕಾ, ಹುಡುಗ ಸುಳ್ಳು ಹೇಳಿಲ್ಲ. ಕಥೆ ಇರುವ ಆ ದೊಡ್ಡ ಗೇಮ್‌ಗಳಲ್ಲಿ ಮಳೆ ನೀರಿನಲ್ಲಿ ದೀಪದ ಪ್ರತಿಬಿಂಬ, ನೆರಳು, ಹೊಗೆ ಎಲ್ಲ ಗ್ರಾಫಿಕ್ಸ್ ಕಾರ್ಡಿನ ತಲೆ ಮೇಲೆ. ಸೈಬರ್‌ಪಂಕ್‌ಗೆ ಈಗ ಕನಿಷ್ಠ 12 ಜಿಬಿ ರ‍್ಯಾಮ್, 70 ಜಿಬಿ ಜಾಗ ಬೇಕು, ಅದೂ ವೇಗದ ಡಿಸ್ಕ್ ಆದ ಎಸ್‌ಎಸ್‌ಡಿಯಲ್ಲೇ. ಅಂಥದ್ದೇ ಇನ್ನೊಂದು ಗೇಮ್ ರೆಡ್ ಡೆಡ್ 2 ಒಂದಕ್ಕೇ 150 ಜಿಬಿ ಬೇಕು. ಆದರೆ ಇಲ್ಲಿ 60 ಫ್ರೇಮ್ ಬಂದರೆ ಆರಾಮಾಗಿ ಆಡಬಹುದು, 144 ಬೇಕಂತಿಲ್ಲ. ಎರಡೂ ಆಡೋನಾದರೆ 4060 ಇರಲಿ, ಅದು ಬೇಡದ ಖರ್ಚಲ್ಲ. ಪಟ್ಟಿಯಲ್ಲಿ ಬಣ್ಣದ ಲೈಟಿನ ಫ್ಯಾನು, ಗಾಜಿನ ಕ್ಯಾಬಿನೆಟ್ಟು, ವಾಟರ್ ಕೂಲರ್ ಇದ್ದರೆ ಮೊದಲು ಅವನ್ನ ಹೊಡೆದುಹಾಕಿ. ಆ ದುಡ್ಡಿಗೆ ಮಾನಿಟರ್ ಬಂದೇ ಬರುತ್ತದೆ. ಪವರ್ ಸಪ್ಲೈ ಮಾತ್ರ ಅಗ್ಗದ್ದು ಹಾಕಿಸಬೇಡಿ, ಅದು ಸುಟ್ಟರೆ ಜೊತೆಗೆ ಏನೇನು ಸುಡುತ್ತೋ ಹೇಳೋಕಾಗಲ್ಲ.

ಪ್ರಶ್ನೆ (ಚಿತ್ರದುರ್ಗ): ಅಣ್ಣಾ, ನಾನು ಆಡೋದು ಸಿಟೀಸ್ ಸ್ಕೈಲೈನ್ಸ್ 2, ಸಿವಿಲೈಸೇಷನ್ ಅಷ್ಟೇ. ಊರು ಚಿಕ್ಕದಿದ್ದಾಗ ಚೆನ್ನಾಗಿ ಓಡುತ್ತೆ, ಜನಸಂಖ್ಯೆ ಜಾಸ್ತಿ ಆದ ಹಾಗೆ ಆಮೆ ಥರ ಆಗುತ್ತೆ. ದೊಡ್ಡ ಕಾರ್ಡ್ ಹಾಕಿದರೆ ಸರಿ ಹೋಗುತ್ತಾ? ಅಂಗಡಿಯೊಂದರಲ್ಲಿ ಹಾಗೇ ಹೇಳಿದರು.

ಉತ್ತರ: ಹೋಗಲ್ಲ ತಮ್ಮಾ. ಊರು ಬೆಳೆದ ಮೇಲಷ್ಟೇ ನಿಧಾನ ಆಗುತ್ತಿದ್ದರೆ ಅದು ಪ್ರೊಸೆಸರ್ ಕೈಚೆಲ್ಲಿದ್ದು. ಅಷ್ಟೂ ಜನ ಯಾವ ರಸ್ತೆಯಲ್ಲಿ ಕೆಲಸಕ್ಕೆ ಹೋಗಬೇಕು, ಯಾವ ಲಾರಿ ಎಲ್ಲಿಗೆ ಸರಕು ಇಳಿಸಬೇಕು ಅನ್ನೋದನ್ನ ಲೆಕ್ಕ ಹಾಕೋದು ಅದೇ. ಸಿವಿಲೈಸೇಷನ್‌ನಲ್ಲೂ ಅಷ್ಟೇ, ನಿನ್ನ ಸರದಿ ಮುಗಿದ ಮೇಲೆ ಕಂಪ್ಯೂಟರ್ ಆಡೋ ದೇಶಗಳ ಲೆಕ್ಕ ಮುಗಿಯೋವರೆಗೂ ಕಾಯಬೇಕು. ನಿನ್ನದು ಎಎಂ4 (ಎಎಂಡಿ ಪ್ರೊಸೆಸರ್ ಕೂರುವ ಒಂದು ಬಗೆಯ) ಬೋರ್ಡಾ? ಹೌದಾದರೆ ಬಯೋಸ್ ಅಪ್‌ಡೇಟ್ ಮಾಡಿಸಿ, ಒಳಗೇ ಹೆಚ್ಚು ಮೆಮೊರಿ (ಕ್ಯಾಶ್) ಇರುವ ಎಕ್ಸ್3ಡಿ ಪ್ರೊಸೆಸರ್ ಹುಡುಕು. 2022ರ ರೈಜನ್ 7 5800ಎಕ್ಸ್3ಡಿಯಲ್ಲಿ 96 ಎಂಬಿ ಎಲ್3 ಕ್ಯಾಶ್ ಇದೆ, ಅಂದರೆ ಲೆಕ್ಕಕ್ಕೆ ಬೇಕಾದ್ದು ಪ್ರೊಸೆಸರಿನ ಪಕ್ಕದಲ್ಲೇ ಇರುತ್ತದೆ, ಪದೇ ಪದೇ ರ‍್ಯಾಮ್‌ವರೆಗೆ ಓಡಬೇಕಿಲ್ಲ. ಕೊಳ್ಳೋ ಮುಂಚೆ ಒಂದು ಪರೀಕ್ಷೆ ಮಾಡು. ಗೇಮ್ ನಿಧಾನ ಆದಾಗ ಟಾಸ್ಕ್ ಮ್ಯಾನೇಜರ್ ತೆಗೆದು ನೋಡು. ಜಿಪಿಯು (ಅದೇ ಗ್ರಾಫಿಕ್ಸ್ ಕಾರ್ಡ್) 50ರಿಂದ 60 ಪರ್ಸೆಂಟ್‌ನಲ್ಲಿ ಆರಾಮಾಗಿ ಕೂತಿದ್ದರೆ ಕಾರ್ಡಿಗೆ ಒಂದು ರೂಪಾಯಿನೂ ಹಾಕಬೇಡ.

ಪ್ರಶ್ನೆ (ಹರಿಹರ): ಕಾರ್ ರೇಸಿಂಗ್‌ಗೆ ಏನು ಬೇಕು ಬ್ರೋ?

ಉತ್ತರ: ಅಸೆಟ್ಟೊ ಕೋರ್ಸಾ 2014ರ ಗೇಮ್, ಅದಕ್ಕೆ ಪಿಸಿ ದೊಡ್ಡದು ಬೇಕಿಲ್ಲ. ದುಡ್ಡು ಹೋಗೋದು ಸ್ಟಿಯರಿಂಗ್ ವೀಲ್, ಪೆಡಲ್‌ಗೆ. ಲಾಜಿಟೆಕ್ ಜಿ29 ಥರದ್ದಕ್ಕೆ ಇಪ್ಪತ್ತು ಸಾವಿರದ ಮೇಲೇ ಆಗುತ್ತದೆ. ಗಟ್ಟಿ ಟೇಬಲ್ ಇಲ್ಲದಿದ್ದರೆ ತಗೋಬೇಡ, ವೀಲ್ ತಿರುಗಿಸಿದಾಗ ಟೇಬಲ್ಲೇ ಅಲ್ಲಾಡುತ್ತದೆ.

ಪ್ರಶ್ನೆ (ನಿಜಲಿಂಗಪ್ಪ ಬಡಾವಣೆ, ದಾವಣಗೆರೆ): ವ್ಯಾಲರಂಟ್ ಫ್ರೀ ಗೇಮ್ ಅಂತಾರೆ, ಆದರೆ ನನ್ನ ಯುಪಿಐನಲ್ಲಿ ಆಗಾಗ ದುಡ್ಡು ಕಟ್ ಆಗಿದೆ. ಮಗ ಸ್ಕಿನ್ ಅಂತಾನೆ. ಏನಿದು ಸರ್?

ಉತ್ತರ: ಗೇಮ್ ಫ್ರೀನೇ ಸರ್. ಸ್ಕಿನ್ ಅಂದರೆ ಬಂದೂಕಿನ ಮೇಲಿನ ಬಣ್ಣ, ವಿನ್ಯಾಸ. ಅದರಿಂದ ಗುಂಡಿನ ಏಟೇನೂ ಜೋರಾಗಲ್ಲ. ಕಥೆ ಗೇಮ್‌ಗೆ ಒಂದು ಸಲ ದುಡ್ಡು ಕೊಟ್ಟರೆ ಮುಗೀತು, ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಸೇಲ್ ಬಂದಾಗ ಅರ್ಧ ಬೆಲೆಗೂ ಸಿಗುತ್ತದೆ. ಇಷ್ಟವಾಗದಿದ್ದರೆ ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ದುಡ್ಡು ವಾಪಸ್ ಕೊಡುತ್ತಾರೆ. ಫ್ರೀ ಗೇಮ್‌ನಲ್ಲಿ ಮಾತ್ರ ಸ್ವಲ್ಪ ಸ್ವಲ್ಪವೇ ಹೋಗುತ್ತಾ ಇರುತ್ತದೆ, ವರ್ಷದ ಕೊನೆಗೆ ಕೂಡಿಸಿದರೆ ಕೆಲವರದ್ದು ಮಾನಿಟರಿನ ಬೆಲೆ ದಾಟಿರುತ್ತದೆ. ಕೌಂಟರ್ ಸ್ಟ್ರೈಕ್ ಸ್ಕಿನ್ ಆದರೆ ಸ್ಟೀಮ್‌ನಲ್ಲೇ ಮಾರಬಹುದು, ಆ ದುಡ್ಡು ಸ್ಟೀಮ್ ವಾಲೆಟ್‌ಗೆ ಬರುತ್ತದೆ, ಬ್ಯಾಂಕಿಗೆ ಬರಲ್ಲ. ವ್ಯಾಲರಂಟ್‌ನಲ್ಲಿ ಮಾರೋಕೂ ಅವಕಾಶ ಇಲ್ಲ. ಹುಡುಗನಿಗೆ ಬೈಯೋದಕ್ಕಿಂತ ತಿಂಗಳಿಗೆ ಇಷ್ಟು ಅಂತ ನೀವೇ ಕೊಡಿ, ಯುಪಿಐ ಪಿನ್ ಇವತ್ತೇ ಬದಲಾಯಿಸಿ.

ಪ್ರಶ್ನೆ (ವಿದ್ಯಾನಗರದ ಅಕ್ಕನೇ): ಕೊನೇದು ಸರ್. ನಮ್ಮಲ್ಲಿ ಕರೆಂಟ್ ಹೋಗಿ ಬರುತ್ತಿರುತ್ತದೆ, ಹಳೇ 600 ವಿಎ ಯುಪಿಎಸ್ ಇದೆ, ಸಾಕಾ?

ಉತ್ತರ: ವ್ಯಾಲರಂಟ್ ಒಂದೇ ಆದರೆ ನಡೆಯುತ್ತದೆ. ಸೈಬರ್‌ಪಂಕ್‌ಗೆ ಸಾಲದು. 600 ವಿಎ ಅಂದರೆ ಸಾಮಾನ್ಯವಾಗಿ 360 ವಾಟ್ ಅಷ್ಟೇ. ಕಾರ್ಡ್ ಪೂರ್ತಿ ಕೆಲಸ ಮಾಡೋವಾಗ ಪಿಸಿ, ಮಾನಿಟರ್ ಸೇರಿ ಅದರ ಹತ್ತಿರ ಹತ್ತಿರ ಹೋಗುತ್ತದೆ, ಹಳೇ ಬ್ಯಾಟರಿ ತಡೆಯಲ್ಲ. 1 ಕೆವಿಎ ತಗೊಳ್ಳಿ. ಪಟ್ಟಿಯ ಫೋಟೋ ಇಲ್ಲೇ ಹಾಕಿ ಅಕ್ಕಾ, ಯಾವುದು ಇರಬೇಕು, ಯಾವುದು ಬೇಡ ಅಂತ ಗುರುತು ಹಾಕಿ ಕೊಡುತ್ತೇನೆ. ಕೊಳ್ಳೋದು ಎಲ್ಲಾದರೂ ಕೊಳ್ಳಿ.